ಬೀಗಕ್ಕೊಂದು ಕಿಂಡಿ: ಕಟ್‌ಅವೇ ಬೀಗ ಮಾಡುವುದು, ಸೇರಿಸಿಡುವುದು

ನಮ್ಮ ಮನೆಗೆ ಯಾರೇ ಬಂದರೂ ಮೊದಲು ನೀರು ಕೊಡುತ್ತೇವೆ. ಆಮೇಲೆ ನಾನು ಅವರ ಕೈಗೆ ಒಂದು ಬೀಗ ಕೊಡುತ್ತೇನೆ. ಅದರ ಒಂದು ಬದಿ ಕೊರೆದಿದೆ. ಒಳಗಿನ ಪಿನ್ನು, ಸ್ಪ್ರಿಂಗು ಎಲ್ಲ ಬರಿಗಣ್ಣಿಗೆ ಕಾಣುತ್ತವೆ. ಚಾವಿ ತೂರಿಸುತ್ತಾ ಹೋದಂತೆ ಐದು ಪಿನ್ನುಗಳು ಏರಿಳಿದು, ಚಾವಿ ಪೂರ್ತಿ ಒಳಗೆ ಹೋದ ಕ್ಷಣ ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಆಗ ಬಂದವರ ಮುಖ ನೋಡಬೇಕು. ಐವತ್ತು ವರ್ಷದಿಂದ ದಿನಾ ಬೀಗ ಹಾಕಿ ತೆಗೆದವರೂ "ಓ, ಇದು ಹಿಂಗಾ!" ಎನ್ನುತ್ತಾರೆ.

ಇಂಥ ಬೀಗಕ್ಕೆ ಕಟ್‌ಅವೇ ಎಂದು ಹೆಸರು. ಬೀಗದ ಕಂಪನಿಗಳು ಗಿರಾಕಿಗಳಿಗೆ ತೋರಿಸಲು ಮಾಡಿಸುತ್ತವೆ, ಬೀಗದ ಕೆಲಸ ಕಲಿಸುವವರು ಪಾಠಕ್ಕೆ ಇಟ್ಟುಕೊಳ್ಳುತ್ತಾರೆ. ಇದನ್ನೇ ಹವ್ಯಾಸ ಮಾಡಿಕೊಂಡವರು ಹೊರದೇಶಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ದಾವಣಗೆರೆಯಲ್ಲಿ ಕೂತೂ ಮಾಡಬಹುದು, ನಾನು ಮಾಡುತ್ತಿದ್ದೇನೆ. ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊರೆದ ಆ ಜಾಗಕ್ಕೆ ನಾನು ಕಿಂಡಿ ಅನ್ನುತ್ತೇನೆ. ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳುವಷ್ಟು ಜಾಗ, ಅಷ್ಟೇ. ಬೀಗದ ಕಿಂಡಿಯೂ ಹಾಗೇ ಇರಬೇಕು. ಒಳಗಿನದು ಕಾಣುವಷ್ಟು ತೆರೆದಿರಬೇಕು, ಒಳಗಿನದು ಉದುರುವಷ್ಟು ತೆರೆದಿರಬಾರದು.

ಕೆಲಸ ಶುರು ಮಾಡುವ ಮುಂಚೆ ಒಂದು ನಿಯಮ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಿಂಡಿ ಕೊರೆದ ಮೇಲೂ ಸರಿಯಾದ ಚಾವಿಗೆ ಬೀಗ ತೆರೆಯಬೇಕು, ತಪ್ಪು ಚಾವಿಗೆ ತೆರೆಯಬಾರದು. ಎರಡೂ ಆದರೆ ಮಾತ್ರ ಅದು ಕಟ್‌ಅವೇ. ಯಾವ ಚಾವಿಗೂ ತಿರುಗುವಂತೆ ಕೊರೆದರೆ ಆ ಬೀಗ ನೋಡುವವರಿಗೆ ಸುಳ್ಳು ಹೇಳುತ್ತದೆ. ಚಂದ ಹೊಳೆಯಬಹುದು, ಆದರೆ ಅದು ಬೀಗ ಅಲ್ಲ, ಬೀಗದ ಗೊಂಬೆ.

ಒಳಗೆ ಏನಿದೆ

ನಮ್ಮ ಮನೆಗಳ ಬಾಗಿಲಿಗೆ ಈಗ ಬರುವ ಸಿಲಿಂಡರ್ ಬೀಗ ತೆಗೆದುಕೊಳ್ಳಿ. ಹೊರಗಿನದು ಬಾಡಿ. ಅದರೊಳಗೆ ಚಾವಿಯ ಜೊತೆ ತಿರುಗುವ ಗುಂಡು ಭಾಗ ಪ್ಲಗ್. ಬಾಡಿಯಿಂದ ಪ್ಲಗ್‌ಗೆ ಸಾಲಾಗಿ ಐದಾರು ತೂತುಗಳು ಇಳಿದಿರುತ್ತವೆ. ಒಂದೊಂದು ತೂತಿನಲ್ಲಿ ಒಂದು ಸ್ಪ್ರಿಂಗ್, ಅದರ ಕೆಳಗೆ ಒಂದು ಮೇಲ್ಪಿನ್ನು, ಅದರ ಕೆಳಗೆ ಒಂದು ಕೆಳಪಿನ್ನು. ಚಾವಿ ಇಲ್ಲದಾಗ ಮೇಲ್ಪಿನ್ನು ಅರ್ಧ ಬಾಡಿಯಲ್ಲಿ ಅರ್ಧ ಪ್ಲಗ್‌ನಲ್ಲಿ ಕೂತಿರುತ್ತದೆ. ಹಾಗಾಗಿ ಪ್ಲಗ್ ತಿರುಗಲ್ಲ. ಸರಿಯಾದ ಚಾವಿ ಬಂದರೆ ಎರಡು ಪಿನ್ನುಗಳು ಸೇರುವ ಜಾಗ ಸರಿಯಾಗಿ ಬಾಡಿ ಮತ್ತು ಪ್ಲಗ್‌ನ ಗಡಿಗೆ ಬರುತ್ತದೆ. ಆ ಗಡಿಗೆರೆಯೇ ಬೀಗದ ಜೀವ. ನೀವು ಕೊರೆಯುವ ಕಿಂಡಿ ಆ ಗೆರೆಯನ್ನು ತೋರಿಸಬೇಕು.

ಈ ಉಪಾಯ ಹೊಸದೇನಲ್ಲ. ಈಜಿಪ್ಟಿನ ಮರದ ಬೀಗಗಳಲ್ಲಿ ಸಾವಿರಾರು ವರ್ಷ ಹಿಂದೆಯೇ ಬೀಳುವ ಗೂಟಗಳಿದ್ದವು. ಅಮೆರಿಕದ ಲೈನಸ್ ಯೇಲ್ 1840ರ ದಶಕದಲ್ಲಿ ಪಿನ್ ಬೀಗ ರೂಪಿಸಿದ. ಅದೇ ಹೆಸರಿನ ಅವನ ಮಗ 1861 ಮತ್ತು 1865ರ ಪೇಟೆಂಟ್‌ಗಳಲ್ಲಿ ಅದನ್ನು ಚಿಕ್ಕದು ಮಾಡಿ, ಇವತ್ತು ನಮ್ಮ ಜೇಬಿನಲ್ಲಿರುವ ಚಪ್ಪಟೆ ಚಾವಿಯ ರೂಪಕ್ಕೆ ತಂದ. ಹೈ ಸೆಕ್ಯೂರಿಟಿ ಬೀಗ ಅಂದರೆ ಇದರ ಮೇಲೆ ಇನ್ನೊಂದು ಕಾವಲು ಸೇರಿಸಿದ್ದು. ಪಿನ್ನು ಸರಿ ಎತ್ತರಕ್ಕೆ ಬಂದರೆ ಸಾಲದು, ಸರಿ ಕೋನಕ್ಕೂ ತಿರುಗಬೇಕು, ಅಥವಾ ಪಿನ್ನಿನೊಳಗಿನ ಪಿನ್ನೂ ಸರಿಯಾಗಬೇಕು. ದುರ್ಗದ ಕೋಟೆಯಲ್ಲಿ ಒಂದು ಬಾಗಿಲು ದಾಟಿದ ತಕ್ಷಣ ದಾರಿ ಅಡ್ಡ ತಿರುಗಿ ಇನ್ನೊಂದು ಬಾಗಿಲು ಎದುರಾಗುತ್ತದಲ್ವಾ, ಅದೇ ಲೆಕ್ಕ.

ಯಾವ ಬೀಗ ತರಬೇಕು

ಮೊದಲ ದಿನವೇ ದುಬಾರಿ ಬೀಗಕ್ಕೆ ಅರ ಹಾಕಬೇಡಿ. ನನ್ನ ಮಾತು ಕೇಳಿ, ಈ ಕ್ರಮದಲ್ಲಿ ಹೋಗಿ: ಮೊದಲು ಲಿವರ್ ಪ್ಯಾಡ್‌ಲಾಕ್, ಆಮೇಲೆ ಸಾದಾ ಸಿಲಿಂಡರ್, ಆಮೇಲೆ ಗುಳಿಗಳಿರುವ ಡಿಂಪಲ್ ಚಾವಿಯ ಸಿಲಿಂಡರ್, ಕೊನೆಗೆ ಪಕ್ಕದಲ್ಲಿ ಇನ್ನೊಂದು ತಡೆಪಟ್ಟಿ, ಅಂದರೆ ಸೈಡ್‌ಬಾರ್, ಇರುವಂಥವು.

ಲಿವರ್ ಪ್ಯಾಡ್‌ಲಾಕ್ ಎಲ್ಲರ ಮನೆಯಲ್ಲೂ ಇದೆ. ಪಿನ್ನಿನ ಬದಲು ಚಾವಿ ಎತ್ತುವ ತಗಡಿನ ಪಟ್ಟಿಗಳು ಒಳಗಿರುತ್ತವೆ, ಅವೇ ಲಿವರ್. ಮೈಮೇಲೆ 6 ಲಿವರ್, 7 ಲಿವರ್ ಅಂತ ಅಚ್ಚು ಹಾಕಿರುತ್ತಾರೆ. ಇದಕ್ಕೆ ಹಿಂದಿನ ತಗಡಿನಲ್ಲಿ ಕಿಂಡಿ ಕೊರೆದರೆ ಸಾಕು. ನಾಲ್ಕು ಮೂಲೆಗೆ 3 ಮಿ.ಮೀ. ತೂತು ಹೊಡೆದು, ನಡುವಿನ ತಗಡನ್ನು ಸಣ್ಣ ಅರದಿಂದ ಬಿಡಿಸಿ ತೆಗೆಯಿರಿ. ರಿವೆಟ್‌ಗಳ ತಂಟೆಗೆ ಹೋಗಬೇಡಿ, ಲಿವರ್‌ಗಳನ್ನು ಹಿಡಿದಿರುವುದೇ ಅವು. ಇಲ್ಲಿ ಕೈ ಪಳಗುತ್ತದೆ, ತಪ್ಪಾದರೂ ನಷ್ಟ ಕಡಿಮೆ. ಲಿವರ್‌ಗಳ ಮೇಲೆ ಪ್ರೀತಿ ಹುಟ್ಟಿದರೆ ಜೆರೆಮಯ ಚಬ್ 1818ರಲ್ಲಿ ಮಾಡಿದ ಡಿಟೆಕ್ಟರ್ ಬೀಗದ ಬಗ್ಗೆ ಹುಡುಕಿ ಓದಿ. ಯಾರಾದರೂ ಕಳ್ಳ ಚಾವಿ ಹಾಕಿ ಒಂದು ಲಿವರನ್ನು ಅತಿಯಾಗಿ ಎತ್ತಿದರೆ ಅದು ಅಲ್ಲೇ ಸಿಕ್ಕಿಕೊಂಡು, ಮುಂದಿನ ಸಲ ಯಜಮಾನನಿಗೆ ಗೊತ್ತಾಗುತ್ತಿತ್ತು.

ಸಿಲಿಂಡರ್ ಎಲ್ಲಿ ಸಿಗುತ್ತದೆ? ಹೊಸದು ಬೇಕಾದರೆ ಹಾರ್ಡ್‌ವೇರ್ ಅಂಗಡಿ. ಹಳೆಯದು ಬೇಕಾದರೆ ಬಡಗಿಗಳ ಸ್ನೇಹ ಮಾಡಿ. ಒಂದು ಚಾವಿ ಕಳೆದುಹೋಯಿತು ಅಂದರೆ ಜನ ಸಿಲಿಂಡರನ್ನೇ ಬದಲಾಯಿಸುತ್ತಾರೆ. ಹಳೆಯದು ಬಡಗಿಯ ಚೀಲದ ತಳ ಸೇರುತ್ತದೆ, ಅಲ್ಲಿಂದ ಗುಜರಿಗೆ ಹೋಗುತ್ತದೆ. ಗುಜರಿಯವರು ಹಿತ್ತಾಳೆಯ ತೂಕಕ್ಕೆ ಕೊಡುತ್ತಾರೆ. ಆದರೆ ಒಂದಾದರೂ ಚಾವಿ ಜೊತೆಗಿದ್ದರೆ ಮಾತ್ರ ತೆಗೆದುಕೊಳ್ಳಿ. ಚಾವಿ ಇಲ್ಲದ ಕಟ್‌ಅವೇ ಮೂಕ.

ಯಾವುದನ್ನು ಕೊರೆಯಬಾರದು ಅನ್ನುವುದೂ ಅಷ್ಟೇ ಮುಖ್ಯ. ಅಜ್ಜನ ಕಾಲದ ಪೆಟ್ಟಿಗೆ ಬೀಗ, ಹಳೆ ಮಂಡಿ ಬಾಗಿಲಿನ ಕಬ್ಬಿಣದ ಬೀಗ, ತಮಿಳುನಾಡಿನ ದಿಂಡಿಗಲ್ಲಿನ ಕೈಕೆಲಸದ ಬೀಗ, ಇವಕ್ಕೆ ದಯವಿಟ್ಟು ಅರ ತಾಗಿಸಬೇಡಿ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಅಲ್ಲಿನ ಮಾವಿನಕಾಯಿ ಆಕಾರದ ಬೀಗವನ್ನು ಇದ್ದಂತೆಯೇ ಇಟ್ಟುಕೊಳ್ಳುವುದು ಚಂದ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಬರುವ ಬೀಗ ಎಷ್ಟು ಬೇಕಾದರೂ ಸಿಗುತ್ತದೆ, ಅದನ್ನು ಕೊರೆಯಿರಿ. ಇನ್ನೊಂದು ಮಾತು, ನಿಮ್ಮದೇ ಬೀಗ ಕೊರೆಯಿರಿ. ಈಗ ಬಾಗಿಲಿನಲ್ಲಿ ಇರುವುದನ್ನು ಬಿಚ್ಚಿ ತಂದು ಕೊರೆಯಬೇಡಿ.

ಸಾಮಾನು

ಬೆಂಚ್ ವೈಸ್, ಹ್ಯಾಕ್ಸಾ, ಆರು ಇಂಚಿನ ಚಪ್ಪಟೆ ಅರ, ಸಣ್ಣ ಅರಗಳ ಒಂದು ಸೆಟ್, ಸೂಕ್ಷ್ಮ ಅಳತೆಗೆ ವರ್ನಿಯರ್, ಗೆರೆ ಕೊರೆಯಲು ಚೂಪಾದ ಮೊಳೆ, ಒಂದು ಅಯಸ್ಕಾಂತ, ಕಣ್ಣಿಗೆ ಗಾಗಲ್ಸ್, ಖಾಲಿ ಮೊಟ್ಟೆ ಟ್ರೇ. ಡ್ರೆಮೆಲ್ ಥರದ ಕೈ ಗ್ರೈಂಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನನ್ನ ಮೊದಲ ಮೂರು ಬೀಗಗಳು ಬರೀ ಅರದಲ್ಲೇ ಆಗಿದ್ದು. ಹಿತ್ತಾಳೆ ಮೆತ್ತಗಿನ ಲೋಹ, ಅರಕ್ಕೆ ಚೆನ್ನಾಗಿ ಮಣಿಯುತ್ತದೆ.

ಮಿಲ್ಲಿಂಗ್ ಮೆಷಿನ್ ಬೇಕು ಅನಿಸಿದರೆ ನಾವು ಪುಣ್ಯವಂತರು. ಪಕ್ಕದ ಹರಿಹರ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಲೇತ್‌ಗಳಿಗೆ ಹೆಸರಾದ ಊರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಆದರೆ ಅದರ ಲೇತ್‌ಗಳು ಸಣ್ಣ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇನ್ನೂ ಓಡುತ್ತಿವೆ, ಅದರ ಮೇಲೆ ಕೆಲಸ ಕಲಿತ ಕೈಗಳೂ ಇವೆ. ಬಿಡುವಿನ ಹೊತ್ತು ನೋಡಿಕೊಂಡು ಹೋಗಿ, ಏನು ಮಾಡಬೇಕು ಅಂತ ಕಾಗದದ ಮೇಲೆ ಬರೆದು ತೋರಿಸಿ. ಟರ್ನರ್‌ಗಳಿಗೆ ಇಂಥ ಕೆಲಸ ಖುಷಿ ಕೊಡುತ್ತದೆ.

ಆದರೆ ಬೀಗವನ್ನು ಮೆಷಿನ್ನಿಗೆ ಕೊಡುವ ಮುಂಚೆ ಅಯಸ್ಕಾಂತ ಹಿಡಿಯಿರಿ. ಒಳ್ಳೆಯ ಸಿಲಿಂಡರ್‌ಗಳ ಮುಂಭಾಗದಲ್ಲಿ ಡ್ರಿಲ್ ತಡೆಯಲು ಹದ ಕೊಟ್ಟ ಉಕ್ಕಿನ ಕಡ್ಡಿ ಅಥವಾ ಗುಂಡು ಹುದುಗಿಸಿರುತ್ತಾರೆ. ಹೊರಗಿನಿಂದ ಕಾಣುವುದಿಲ್ಲ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಉಕ್ಕು ಅಂಟುತ್ತದೆ, ಹಾಗಾಗಿ ಎಲ್ಲಿ ಎಳೆಯುತ್ತದೋ ಅಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ನಾನು ಇದನ್ನು ಮಾಡದೆ ಒಂದು ಸಿಲಿಂಡರನ್ನು ವರ್ಕ್‌ಶಾಪ್‌ಗೆ ಕೊಟ್ಟೆ. ಎರಡನೇ ಸುತ್ತಿಗೇ ಟಣ್ ಅಂತ ಶಬ್ದ ಬಂತು, ಹೊಸ ಕಟರ್ ಮುರಿಯಿತು. ಮೆಷಿನ್ ನಿಲ್ಲಿಸಿದ ಹಿರಿಯರು ಬೈಯಲಿಲ್ಲ. "ಇದ್ರಾಗೆ ಉಕ್ಕು ಐತಿ ಅಂತ ಮೊದ್ಲೇ ಹೇಳ್ಬಾರ್ದಾ ತಮ್ಮಾ?" ಎಂದಷ್ಟೇ ಕೇಳಿದರು. "ನಂಗೂ ಗೊತ್ತಿರ್ಲಿಲ್ಲ ಅಣ್ಣಾರೆ" ಎಂದೆ. ಕಟರ್ ದುಡ್ಡು ಕೊಟ್ಟೆ, ತೆಗೆದುಕೊಳ್ಳಲು ಅವರು ತುಂಬಾ ಸಂಕೋಚಪಟ್ಟರು. ಅವತ್ತಿನಿಂದ ಅಯಸ್ಕಾಂತ ನನ್ನ ಜೇಬಿನಲ್ಲೇ ಇರುತ್ತದೆ.

ಬಿಚ್ಚುವುದು

ಜೋಡಿಸಿದ ಬೀಗವನ್ನು ಹಾಗೇ ಕೊರೆಯಬೇಡಿ. ಹಿತ್ತಾಳೆ ಪುಡಿ ಪಿನ್ನುಗಳ ಸಂದಿಗೆ ಹೋದರೆ ಆಮೇಲೆ ಏನು ಮಾಡಿದರೂ ಸರಾಗ ಆಗುವುದಿಲ್ಲ.

ಸಿಲಿಂಡರ್ ನಡುವೆ ತಿರುಗುವ ಒಂದು ನಾಲಿಗೆ ಇದೆಯಲ್ಲ, ಅದರ ಪಕ್ಕದಲ್ಲಿ ಪ್ಲಗ್ ಹಿಡಿದಿರುವ ಕ್ಲಿಪ್ ಇರುತ್ತದೆ. ಅದನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಬಟ್ಟೆ ಮುಚ್ಚಿಕೊಂಡು ತೆಗೆಯಿರಿ, ಇಲ್ಲದಿದ್ದರೆ ಹಾರಿ ಎಲ್ಲಿ ಬೀಳುತ್ತದೋ ಹೇಳಲಾಗದು. ಈಗ ಚಾವಿ ಹಾಕಿ ಸ್ವಲ್ಪವೇ ತಿರುಗಿಸಿ, ಗಡಿಯಾರದ ಎರಡು ಮೂರು ನಿಮಿಷದ ಗೆರೆಯಷ್ಟು. ಪ್ಲಗ್ ಹೊರಗೆ ಎಳೆಯುವಾಗ ಅದರ ಬೆನ್ನಿಗೇ ಅಷ್ಟೇ ದಪ್ಪದ ಒಂದು ಕೋಲು ಒಳಗೆ ತಳ್ಳುತ್ತಾ ಹೋಗಬೇಕು. ಈ ಕೋಲು ಇಲ್ಲದೆ ಎಳೆದರೆ ಮೇಲ್ಪಿನ್ನುಗಳೂ ಸ್ಪ್ರಿಂಗುಗಳೂ ಪಟಪಟ ಹಾರುತ್ತವೆ. ಮರದ ಕಡ್ಡಿಯನ್ನು ಉಜ್ಜಿ ಅಳತೆಗೆ ತಂದುಕೊಂಡರೂ ಸಾಕು, ಲೇತ್‌ನಲ್ಲಿ ಒಂದು ಹಿತ್ತಾಳೆ ಕೋಲು ಮಾಡಿಸಿಕೊಂಡರೆ ಜೀವನ ಪೂರ್ತಿ ಬರುತ್ತದೆ.

ಪ್ಲಗ್‌ನಿಂದ ಕೆಳಪಿನ್ನುಗಳನ್ನು ಒಂದೊಂದಾಗಿ ಮೊಟ್ಟೆ ಟ್ರೇಯ ಗುಳಿಗೆ ಹಾಕಿ. ಮೊದಲ ಗುಳಿ ಮೊದಲ ಪಿನ್ನಿಗೆ, ಎರಡನೆಯದು ಎರಡನೆಯದಕ್ಕೆ. ಒಂದೊಂದರ ಉದ್ದ ಒಂದೊಂದು, ಅದಲು ಬದಲಾದರೆ ಬೀಗ ನಿಮ್ಮ ಚಾವಿಗೇ ತೆರೆಯುವುದಿಲ್ಲ. ಆಮೇಲೆ ಕೋಲನ್ನು ನಿಧಾನವಾಗಿ ಹಿಂದೆ ಎಳೆದು ಮೇಲ್ಪಿನ್ನು, ಸ್ಪ್ರಿಂಗು ತೆಗೆಯಿರಿ. ಮೇಲ್ಪಿನ್ನುಗಳನ್ನು ಸುಮ್ನೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕೆಲವು ನೇರವಾಗಿರುತ್ತವೆ, ಕೆಲವು ಡಮರುವಿನ ಹಾಗೆ ನಡು ಸಣ್ಣ ಆಗಿರುತ್ತವೆ. ತಂತಿ ಹಾಕಿ ಬೀಗ ತೆರೆಯಲು ನೋಡಿದರೆ ಈ ಡಮರು ಪಿನ್ನಿನ ನಡು ಗಡಿಗೆರೆಗೆ ಸಿಕ್ಕಿಕೊಂಡು ಪ್ಲಗ್ ನಿಂತುಬಿಡುತ್ತದೆ. ನಿಮ್ಮ ಬೀಗದಲ್ಲಿ ಡಮರು ಪಿನ್ನು ಇದ್ದರೆ ಕಿಂಡಿ ಖಂಡಿತ ಅದರ ಮೇಲೆಯೇ ಬರಬೇಕು, ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಗುರುತು ಹಾಕುವುದು, ಕೊರೆಯುವುದು

ಇಲ್ಲಿ ಲೆಕ್ಕ ಬೇಕು. ಅರ ಹಿಡಿಯುವ ಮುಂಚೆ ಒಂದು ಸಂಜೆ ಪೂರ್ತಿ ಅಳತೆಗೇ ಕೊಡಿ.

ಯೂರೋ ಪ್ರೊಫೈಲ್ ಎನ್ನುವ ಸಿಲಿಂಡರ್‌ನ ಎತ್ತರ 33 ಮಿ.ಮೀ., ಬಾಡಿಯ ಗುಂಡು ಭಾಗದ ವ್ಯಾಸ 17 ಮಿ.ಮೀ., ಪಿನ್ನುಗಳಿರುವ ಪಟ್ಟಿ ಭಾಗದ ದಪ್ಪ 10 ಮಿ.ಮೀ. ಪಿನ್ನಿನ ತೂತು ಸುಮಾರು 3 ಮಿ.ಮೀ. ಅಂದರೆ ಪಟ್ಟಿಯ ಬದಿಯಿಂದ ತೂತಿನವರೆಗೆ 3.5 ಮಿ.ಮೀ. ಗೋಡೆ. ನೀವು 4 ಮಿ.ಮೀ. ಕೊರೆದರೆ ತೂತಿನೊಳಗೆ ಅರ್ಧ ಮಿ.ಮೀ. ಹೋದಂತಾಯಿತು, ಆಗ ಸುಮಾರು 2.2 ಮಿ.ಮೀ. ಅಗಲದ ಸೀಳು ತೆರೆಯುತ್ತದೆ. ಪಿನ್ನು ಸುಮಾರು 3 ಮಿ.ಮೀ., ಸೀಳು 2.2. ಪಿನ್ನು ಕಾಣುತ್ತದೆ, ಬೀಳುವುದಿಲ್ಲ. ಇನ್ನೊಂದು ಮಿ.ಮೀ. ಮುಂದೆ ಹೋದಿರೋ, ತೂತಿನ ನಡು ಬಂದು ಸೀಳು ಪೂರ್ತಿ ಅಗಲ ಆಗುತ್ತದೆ, ಪಿನ್ನು ಮಡಿಲಿಗೆ ಬೀಳುತ್ತದೆ. ಎಲ್ಲ ಬೀಗಕ್ಕೂ ಇದೇ ಅಂಕಿ ಇರಲ್ಲ, ನಿಮ್ಮದನ್ನು ವರ್ನಿಯರ್‌ನಲ್ಲಿ ಅಳೆದು ಲೆಕ್ಕ ಹಾಕಿ.

ಕಿಂಡಿ ಉದ್ದಕ್ಕೆ ಎಷ್ಟಿರಬೇಕು? ಮೊದಲ ಪಿನ್ನಿನಿಂದ ಕೊನೆಯ ಪಿನ್ನಿನವರೆಗೆ ಸಾಕು. ಮುಂದೆ ಒಂದು ಬಳೆ, ಹಿಂದೆ ಒಂದು ಬಳೆ ಬಿಡಿ ಅಂತ ನಾನು ಹೇಳುವುದು. ಬಾಡಿಯ ಗುಂಡು ಭಾಗ ಎರಡೂ ತುದಿಯಲ್ಲಿ ಪೂರ್ತಿ ಸುತ್ತು ಉಳಿದರೆ ಪ್ಲಗ್ ಅಲುಗಾಡದೆ ತಿರುಗುತ್ತದೆ. ಮುಂದಿನ ಬಳೆ ಬಿಟ್ಟರೆ ಆ ಉಕ್ಕಿನ ಕಡ್ಡಿಯೂ ಹೆಚ್ಚಾಗಿ ಅದರೊಳಗೇ ಉಳಿಯುತ್ತದೆ, ನಿಮ್ಮ ಅರವೂ ಉಳಿಯುತ್ತದೆ. ಎರಡು ಕಡೆ ಚಾವಿ ಹಾಕುವ ಸಿಲಿಂಡರ್ ಆದರೆ ಒಂದು ಕಡೆ ಮಾತ್ರ ಕೊರೆಯಿರಿ. ಇನ್ನೊಂದು ಬದಿ ಮೊದಲು ಹೇಗಿತ್ತು ಅಂತ ತೋರಿಸಲು ಹಾಗೇ ಇರಲಿ.

ಈಗ ನನಗೆ ತುಂಬಾ ಉಪಯೋಗಕ್ಕೆ ಬಂದ ಉಪಾಯ. ಖಾಲಿ ತೂತುಗಳಿಗೆ ಬಿದಿರು ಕಡ್ಡಿಯನ್ನು ಬಿಗಿಯಾಗಿ ತುಂಬಿ. ಎರಡು ಲಾಭ. ಒಂದು, ಅರ ಹಾಕುವಾಗ ತೂತಿನ ಅಂಚು ಒಳಗೆ ಮಡಚಿ ಮುಳ್ಳೇಳುವುದು ಕಡಿಮೆಯಾಗುತ್ತದೆ. ಎರಡು, ಹಳದಿ ಹಿತ್ತಾಳೆಯ ನಡುವೆ ಬಿಳಿ ಗೆರೆ ಕಾಣಿಸಿತು ಅಂದರೆ ತೂತು ಬಂತು ಅಂತ ಅರ್ಥ, ಅಲ್ಲಿಂದ ಕೈ ನಿಧಾನ ಮಾಡಬೇಕು. ಬಿಳಿ ಗೆರೆಯ ಅಗಲ ಅಳೆಯುತ್ತಾ ಹೋಗಿ, ನಿಮ್ಮ ಅಂಕಿ ಬಂದ ತಕ್ಷಣ ನಿಲ್ಲಿಸಿ. ಮಿಲ್ಲಿಂಗ್‌ನಲ್ಲಾದರೆ ಮೊದಲು ಅರ್ಧ ಅರ್ಧ ಮಿ.ಮೀ., ಗೋಡೆ ತೆಳ್ಳಗಾದ ಮೇಲೆ 0.1 ಮಿ.ಮೀ. ಲೆಕ್ಕದಲ್ಲಿ ಹೋಗಲು ಹೇಳಿ. ವೈಸ್‌ನ ಹಲ್ಲು ಬೀಗಕ್ಕೆ ಗುರುತು ಮಾಡದಂತೆ ಎರಡೂ ಕಡೆ ಅಲ್ಯೂಮಿನಿಯಂ ಪಟ್ಟಿ ಇಡುವುದು ಮರೆಯಬೇಡಿ.

ಪ್ಲಗ್ಗನ್ನು ಬೇರೆಯಾಗಿ ಕೊರೆಯಿರಿ. 13 ಮಿ.ಮೀ. ವ್ಯಾಸದ ಪ್ಲಗ್ ಆದರೆ ಬದಿಯಿಂದ 5.5 ಮಿ.ಮೀ. ಹೋದರೆ ಬಾಡಿಯ ಕಿಂಡಿಯ ಸಮಕ್ಕೆ ಬರುತ್ತದೆ. ಪಿನ್ನಿನ ಭಾಗ ಮಾತ್ರ ತೆರೆಯಿರಿ. ಚಾವಿಯ ಬೆನ್ನು ಕೂರುವ ಕಡೆ ಗೋಡೆ ಬಿಡಿ, ಇಲ್ಲದಿದ್ದರೆ ಚಾವಿ ಪಕ್ಕಕ್ಕೆ ವಾಲುತ್ತದೆ. ಎರಡೂ ತುದಿಗೆ ಇಲ್ಲೂ ಬಳೆ ಇರಲಿ.

ಎಡವುವ ಜಾಗ ಒಂದಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಬೀಗವನ್ನು ಪಿನ್ನುಗಳ ಪಟ್ಟಿ ಮೇಲೆ ಬರುವಂತೆ ಹಿಡಿಯಿರಿ. ಬಾಗಿಲಿನಲ್ಲಿ ಅದು ಕೆಳಗಿರುತ್ತದೆ, ಆದರೆ ಮೇಜಿನ ಮೇಲೆ ಮೇಲಿರಲಿ, ಕೆಳಪಿನ್ನುಗಳು ತಮ್ಮ ತೂಕಕ್ಕೇ ಚಾವಿಯ ಮೇಲೆ ಕೂರುತ್ತವೆ. ಕಿಂಡಿ ನಿಮ್ಮ ಬಲಕ್ಕಿದೆ ಅಂದುಕೊಳ್ಳಿ. ಚಾವಿಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಪ್ಲಗ್‌ನ ಎಡಬದಿಯ ಗಟ್ಟಿ ಭಾಗ ಮೇಲ್ಪಿನ್ನುಗಳ ಕೆಳಗೆ ಬರುತ್ತದೆ, ಏನೂ ತೊಂದರೆ ಇಲ್ಲ. ಅದೇ ಉಲ್ಟಾ ತಿರುಗಿಸಿದರೆ ಕೊರೆದ ಬದಿ ಬರುತ್ತದೆ, ಸ್ಪ್ರಿಂಗು ಮೇಲ್ಪಿನ್ನುಗಳನ್ನು ಆ ಗುಳಿಗೆ ದಬ್ಬುತ್ತದೆ, ಬೀಗ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿಡಿಸಲು ಎಲ್ಲ ಬಿಚ್ಚಬೇಕು. ಸರಿ ದಿಕ್ಕಿನಲ್ಲೂ ಜಾಸ್ತಿ ತಿರುಗಿಸಬೇಡಿ, ಕೆಳಪಿನ್ನುಗಳು ತೆರೆದ ಜಾಗಕ್ಕೆ ಬಂದು ಉದುರಬಹುದು. ಹದಿನೈದಿಪ್ಪತ್ತು ಡಿಗ್ರಿ ತಿರುಗಿದರೆ ತೆರೆಯಿತು ಅಂತ ತೋರಿಸಲು ಧಾರಾಳ. ಪ್ಲಗ್ ಹಿಂಭಾಗಕ್ಕೆ ತಡೆಯಾಗಿ ಒಂದು ಸಣ್ಣ ಸ್ಕ್ರೂ ಹಾಕಿಬಿಟ್ಟರೆ ಮಕ್ಕಳ ಕೈಗೆ ಕೊಟ್ಟರೂ ಚಿಂತೆ ಇಲ್ಲ.

ಹೈ ಸೆಕ್ಯೂರಿಟಿ ಬೀಗಗಳು

ಇಲ್ಲಿಂದ ಮುಂದೆ ಪ್ರತಿ ಬೀಗಕ್ಕೂ ಒಂದು ಪ್ರಶ್ನೆ ಕೇಳಿ: ಇದರ ಎರಡನೇ ಕಾವಲು ಯಾವುದು? ಕಿಂಡಿ ಅದಕ್ಕೆ. ಉಳಿದದ್ದು ಮುಚ್ಚಿಯೇ ಇರಲಿ. ಎಲ್ಲ ಕಡೆ ಕೊರೆದ ಬೀಗದಲ್ಲಿ ಯಾವುದನ್ನು ನೋಡಬೇಕು ಅಂತಲೇ ತಿಳಿಯುವುದಿಲ್ಲ.

ಡಿಂಪಲ್ ಚಾವಿಯಿಂದ ಶುರು ಮಾಡಿ. ಹಲ್ಲಿನ ಬದಲು ಚಪ್ಪಟೆ ಮೈಮೇಲೆ ಗುಳಿಗಳಿರುವ ಚಾವಿ, ಈಗ ಹೊಸ ಮನೆಗಳಲ್ಲಿ ಜಾಸ್ತಿ. ಇದರಲ್ಲಿ ಚಾವಿ ಅಡ್ಡಡ್ಡ ಹೋಗುತ್ತದೆ. ಹಾಗಾಗಿ ಮೇಲೆ ಹೇಳಿದ ಪ್ಲಗ್ ಅಳತೆ ಇಲ್ಲಿ ನಡೆಯಲ್ಲ, ಅಷ್ಟು ಕೊರೆದರೆ ಚಾವಿಯ ದಾರಿಯೇ ಹಾಳು. ಚಾವಿಗೂ ಪಟ್ಟಿಗೂ ನಡುವಿನ ಭಾಗವನ್ನಷ್ಟೇ ತೆರೆಯಿರಿ.

ಇಸ್ರೇಲಿನ ಮಲ್-ಟಿ-ಲಾಕ್ ಕಂಪನಿ ಶುರುವಾಗಿದ್ದು 1973ರಲ್ಲಿ. ಅದರ ವಿಶೇಷ ಪಿನ್ನಿನೊಳಗೆ ಪಿನ್ನು. ಹೊರಪಿನ್ನು, ಒಳಪಿನ್ನು ಎರಡೂ ಬೇರೆ ಬೇರೆ ಎತ್ತರಕ್ಕೆ ಸರಿಯಾಗಬೇಕು. ಬಾಡಿಗೆ ಕಿಂಡಿ ಕೊರೆದರೆ ಹೊರಪಿನ್ನು ಮಾತ್ರ ಕಾಣುತ್ತದೆ, ಅಸಲಿ ವಿಷಯ ಅಡಗಿಯೇ ಇರುತ್ತದೆ. ಒಂದು ಹೊರಪಿನ್ನಿನ ಬದಿಯನ್ನೇ ಗ್ರೈಂಡರ್‌ನಿಂದ ತೆಳ್ಳಗೆ ಉಜ್ಜಿ ತೆರೆಯಬೇಕು. ಇದು ಉಸಿರು ಬಿಗಿ ಹಿಡಿದು ಮಾಡುವ ಕೆಲಸ. ಒಂದೇ ಪಿನ್ನಿಗೆ ಮಾಡಿ, ಇನ್ನೊಂದು ಹಳೆ ಬೀಗದಿಂದ ಹೆಚ್ಚುವರಿ ಪಿನ್ನು ಇಟ್ಟುಕೊಂಡು ಮಾಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಡೆಕೊ. ಅಮೆರಿಕದ ವರ್ಜೀನಿಯಾದ ಸೇಲಂ ಊರಿನದು, 1968ರಲ್ಲಿ ಶುರುವಾದ ಕಂಪನಿ. ಇದರ ಚಾವಿಯ ಹಲ್ಲುಗಳು ಓರೆಯಾಗಿ ಕೊಯ್ದಿರುತ್ತವೆ. ಪಿನ್ನಿನ ತುದಿ ಉಳಿಯಂತೆ ಇದ್ದು, ಚಾವಿ ಒಳಗೆ ಬಂದಾಗ ಪಿನ್ನು ಮೇಲೇಳುವುದರ ಜೊತೆಗೆ ತನ್ನ ಸುತ್ತ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಎಲ್ಲ ಪಿನ್ನುಗಳ ಗೀರು ಒಂದೇ ಕಡೆ ಮುಖ ಮಾಡಿದಾಗ ಮಾತ್ರ ಪಕ್ಕದಲ್ಲಿರುವ ಸೈಡ್‌ಬಾರ್ ಎಂಬ ಪಟ್ಟಿಯ ಕಾಲುಗಳು ಆ ಗೀರುಗಳಿಗೆ ಇಳಿದು ಪ್ಲಗ್ಗನ್ನು ಬಿಡುತ್ತವೆ. ಇದಕ್ಕೆ ಎರಡು ಕಿಂಡಿ ಬೇಕು. ಒಂದು ಪಿನ್ನಿನ ಏರಿಳಿತಕ್ಕೆ, ಇನ್ನೊಂದು ಸೈಡ್‌ಬಾರ್‌ಗೆ. ಸೈಡ್‌ಬಾರ್ ಕೂರುವ ಬಾಡಿಯ ತೋಡನ್ನು ಪೂರ್ತಿ ತೆಗೆದರೆ ಅದು ಏನನ್ನೂ ತಡೆಯುವುದಿಲ್ಲ, ಎತ್ತರ ಸರಿ ಇದ್ದು ಕೋನ ತಪ್ಪಿದ ಚಾವಿಗೂ ಬೀಗ ತೆರೆದುಬಿಡುತ್ತದೆ. ಸುಳ್ಳು ಹೇಳುವ ಬೀಗ ಅಂದೆನಲ್ಲ, ಹುಟ್ಟುವುದು ಇಲ್ಲೇ. ತೋಡಿನ ಎರಡು ತುದಿ ಉಳಿಸಿ, ನಡುವೆ ಮಾತ್ರ ತೆರೆಯಿರಿ. ಡ್ರಿಲ್ ತಡೆಯುವ ಉಕ್ಕು ಇದರಲ್ಲಿ ಜಾಸ್ತಿ, ಕಾರ್ಬೈಡ್ ಕಟರ್ ಇಲ್ಲದೆ ಹತ್ತಿರ ಹೋಗಬೇಡಿ.

ಫಿನ್‌ಲ್ಯಾಂಡಿನ ಆಬ್ಲಾಯ್ ಬೇರೆಯೇ ಜಾತಿ. ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ಉಪಾಯ. ಪಿನ್ನೇ ಇಲ್ಲ, ಪಿನ್ನಿನ ಸ್ಪ್ರಿಂಗೂ ಇಲ್ಲ. ಸಾಲಾಗಿ ಜೋಡಿಸಿದ ಬಿಲ್ಲೆಗಳು, ಪ್ರತಿ ಬಿಲ್ಲೆಯ ಅಂಚಿನಲ್ಲಿ ಒಂದು ಕಚ್ಚು. ಚಾವಿ ತಿರುಗಿಸಿದಾಗ ಒಂದೊಂದು ಬಿಲ್ಲೆ ಒಂದೊಂದು ಕೋನಕ್ಕೆ ತಿರುಗಿ, ಎಲ್ಲ ಕಚ್ಚುಗಳೂ ಸಾಲಾಗಿ ನಿಂತಾಗ ಸೈಡ್‌ಬಾರ್ ಕಚ್ಚಿಗೆ ಇಳಿಯುತ್ತದೆ. ಹಾರಿಹೋಗುವ ಸ್ಪ್ರಿಂಗು ಇಲ್ಲದ್ದರಿಂದ ಬಿಚ್ಚಿ ಜೋಡಿಸುವುದು ಆರಾಮ. ಕಿಂಡಿ ಸೈಡ್‌ಬಾರ್ ಪಕ್ಕದಲ್ಲಿ ಉದ್ದಕ್ಕೆ, ತೆಳ್ಳಗೆ. ಪ್ಯಾಡ್‌ಲಾಕ್ ಆದರೆ ಹೊರಮೈ ಹದ ಕೊಟ್ಟ ಉಕ್ಕು ಇರಬಹುದು, ಅದನ್ನು ಕೊರೆಯುವ ಬದಲು ಒಳಗಿನ ಸಿಲಿಂಡರ್ ಹೊರತೆಗೆದು ಅದಕ್ಕೆ ಕಿಂಡಿ ಮಾಡಿ. ಇದೇ ತತ್ವದ ಅಗ್ಗದ ಪ್ಯಾಡ್‌ಲಾಕ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಅಭ್ಯಾಸಕ್ಕೆ ಅವೇ ಸಾಕು.

ಉಜ್ಜುವುದು, ಜೋಡಿಸುವುದು

ಬಿದಿರು ಕಡ್ಡಿ ತೆಗೆದು, ತೂತಿನ ಅಂಚಿನ ಮುಳ್ಳನ್ನು ಸಣ್ಣ ಅರದಿಂದ ತೆಗೆಯಿರಿ. ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಷ್ಟು ಮುಳ್ಳು ಉಳಿದರೂ ಪಿನ್ನು ಅಲ್ಲೇ ನಿಲ್ಲುತ್ತದೆ. ಆಮೇಲೆ ನೀರು ಪೇಪರ್ 400, 800, 1000, 2000 ಹೀಗೆ ಕ್ರಮವಾಗಿ. ಪೇಪರನ್ನು ಗಾಜಿನ ತುಂಡಿನ ಮೇಲೆ ಇಟ್ಟು ಬೀಗವನ್ನು ಅದರ ಮೇಲೆ ಉಜ್ಜಿದರೆ ಮುಖ ಸಮತಟ್ಟಾಗಿ ಬರುತ್ತದೆ. ಕೊನೆಗೆ ಬ್ರಾಸೊ. ಹುಣಸೆಹಣ್ಣೂ ಹಿತ್ತಾಳೆಯನ್ನು ಬೆಳಗುತ್ತದೆ, ಬಿಚ್ಚಿದ ಬಾಡಿಗೆ ಹಚ್ಚಿ ಚೆನ್ನಾಗಿ ತೊಳೆದು ಒರೆಸಿದರೆ ತೊಂದರೆ ಇಲ್ಲ. ಜೋಡಿಸಿದ ಬೀಗಕ್ಕೆ ಮಾತ್ರ ಬೇಡ, ಹುಳಿನೀರು ಒಳಗೆ ಉಳಿದು ಸ್ಪ್ರಿಂಗು ಹಾಳಾಗುತ್ತದೆ.

ಬೀಗಕ್ಕೆ ಬಳಸುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಸೀಸ ಇರುತ್ತದೆ, ನೂರಕ್ಕೆ ಎರಡು ಮೂರರಷ್ಟು. ಪುಡಿಯನ್ನು ಬಾಯಿಂದ ಊದಬೇಡಿ, ಬ್ರಷ್‌ನಿಂದ ತೆಗೆಯಿರಿ. ಸೋಪು ಹಾಕಿ ಕೈ ತೊಳೆಯದೆ ಮಂಡಕ್ಕಿ ಮಿರ್ಚಿ ತಟ್ಟೆಗೆ ಕೈ ಹಾಕಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಕೆಲಸ ಅಡುಗೆಮನೆ ಕಟ್ಟೆಯ ಮೇಲೆ ಖಂಡಿತ ಬೇಡ.

ಎಲ್ಲ ಭಾಗವನ್ನೂ ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಕೆಲವರಿಗೆ ಇದೆ. ಅದು ಬೇಡ, ಸೋಪಿನ ಬಿಸಿನೀರು, ಹಳೆ ಟೂತ್‌ಬ್ರಷ್ ಸಾಕು, ಆಮೇಲೆ ಬಿಸಿಲಿಗೆ ಒಣಗಿಸಿ. ಜೋಡಿಸುವಾಗ ಬಿಚ್ಚಿದ ಕ್ರಮ ಉಲ್ಟಾ. ಹೊಲಿಗೆ ಮೆಷಿನ್ ಎಣ್ಣೆ ಸೂಜಿಮೊನೆಯಷ್ಟು ಬಿಡಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ.

ಈಗ ಪರೀಕ್ಷೆ. ಸರಿ ಚಾವಿ ಹಾಕಿ ಹತ್ತು ಸಲ ತೆರೆಯಿರಿ. ಆಮೇಲೆ ಅದೇ ದಾರಿಗೆ ಹೋಗುವ ಬೇರೆ ಚಾವಿ ಹಾಕಿ. ಯಾವ ಪಿನ್ನು ತಡೆಯುತ್ತಿದೆ ಅಂತ ಕಿಂಡಿಯಲ್ಲಿ ಕಾಣಬೇಕು. ಕಾಣದಿದ್ದರೆ ಕಿಂಡಿ ಇನ್ನೂ ಪೂರ್ತಿ ಆಗಿಲ್ಲ.

ಸೇರಿಸಿಡುವುದು

ಐದಾರು ಬೀಗ ಆದ ಮೇಲೆ ಸಂಗ್ರಹ ತಾನಾಗಿ ಬೆಳೆಯುತ್ತದೆ. ಒಂದೇ ಥರದ ಹತ್ತು ಬೀಗ ಬೇಡ, ಒಂದೊಂದು ಉಪಾಯಕ್ಕೆ ಒಂದು ಸಾಕು. ನನ್ನ ಸಾಲಿನಲ್ಲಿ ಲಿವರ್, ಸಾದಾ ಪಿನ್ನು, ಡಮರು ಪಿನ್ನು, ಡಿಂಪಲ್, ಬಿಲ್ಲೆ ಹೀಗೆ ಕ್ರಮವಾಗಿ ಇವೆ. ಎಡದಿಂದ ಬಲಕ್ಕೆ ನೋಡುತ್ತಾ ಬಂದರೆ ಬೀಗ ಮಾಡುವವರೂ ಬೀಗ ತೆರೆಯುವವರೂ ಒಬ್ಬರಿಗೊಬ್ಬರು ಉತ್ತರ ಕೊಟ್ಟಂತೆ ಕಾಣುತ್ತದೆ. ಲಂಡನ್ನಿನ ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗವನ್ನು ಯಾರೂ ತೆರೆಯಲಾರರು ಅಂತ ಸವಾಲು ಹಾಕಿ ಅಂಗಡಿ ಕಿಟಕಿಯಲ್ಲಿ ಇಟ್ಟಿದ್ದರು. 1851ರಲ್ಲಿ ಅಮೆರಿಕದ ಬೀಗದ ಕೆಲಸಗಾರ ಹಾಬ್ಸ್ ಬಂದು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆರೆದ. ಬೀಗ ಸೋತಿತು ಅಂತ ಜನ ಹೇಳುತ್ತಾರೆ. ನನಗೆ ಮಾತ್ರ ಅರವತ್ತೇಳು ವರ್ಷ ತಡೆದ ಬೀಗದ ಮೇಲೂ ಗೌರವ, 51 ಗಂಟೆ ಕೂತ ಮನುಷ್ಯನ ಮೇಲೂ ಗೌರವ. ನಮ್ಮ ದೇಶದ ಕಥೆಗೂ ಒಂದು ಜಾಗ ಇರಲಿ. ಅರ್ದೇಶಿರ್ ಗೋದ್ರೇಜ್ ಮುಂಬೈಯಲ್ಲಿ 1897ರಲ್ಲಿ ಬೀಗ ಮಾಡಲು ಶುರು ಮಾಡಿದರು, ಅಲಿಗಢ ಇವತ್ತಿಗೂ ಬೀಗದ ಊರು.

ಪ್ರತಿ ಬೀಗಕ್ಕೂ ಒಂದು ಚೀಟಿ ಬರೆಯಿರಿ. ಯಾವ ಬೀಗ, ಎಲ್ಲಿ ಸಿಕ್ಕಿತು, ಎಷ್ಟು ಪಿನ್ನು, ಕಿಂಡಿ ಏನನ್ನು ತೋರಿಸುತ್ತದೆ, ಯಾವ ದಿಕ್ಕಿಗೆ ತಿರುಗಿಸಬೇಕು. ಚಾವಿಯನ್ನು ದಾರದಿಂದ ಬೀಗಕ್ಕೇ ಕಟ್ಟಿ. ಡಬ್ಬಿಗೆ ದಪ್ಪ ಫೋಮ್ ಹಾಕಿ ಬೀಗದ ಆಕಾರಕ್ಕೆ ಕತ್ತರಿಸಿ ಕೂರಿಸಿ, ಬಟ್ಟೆ ಹಾಸಿದರೆ ನೂಲು ಪಿನ್ನಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಒಳಗಿಡಿ.

ಫೋಟೋ ಹಾಕುವವರಿಗೆ ಒಂದು ಎಚ್ಚರಿಕೆ. ಚಾವಿಯ ಫೋಟೋ ನೋಡಿ ಅಂಥದ್ದೇ ಚಾವಿ ಮಾಡಬಹುದು. ಹಳೆ ಮನೆಯಿಂದ ಬಂದ ಬೀಗ ಆದರೆ, ಅದೇ ಚಾವಿಯ ಇನ್ನೊಂದು ಬೀಗ ಆ ಮನೆಯ ಹಿಂಬಾಗಿಲಿಗೆ ಇರಬಹುದು. ವಿಚಾರಿಸಿ, ಅನುಮಾನ ಇದ್ದರೆ ಪಿನ್ನುಗಳನ್ನು ಬದಲಾಯಿಸಿ, ಅದಕ್ಕೆ ತಕ್ಕಂತೆ ಚಾವಿ ಮಾಡುವವರ ಹತ್ತಿರ ಹೊಸ ಚಾವಿ ಕೊಯ್ಯಿಸಿ.

ಯಾರಿಗಾದರೂ ತೋರಿಸುವಾಗ ಮೊದಲು ತಪ್ಪು ಚಾವಿ ಕೊಡಿ. ಏನೂ ಹೇಳಬೇಡಿ. ಪಕ್ಕದ ಮನೆಯ ಹುಡುಗಿ, ನಾಲ್ಕನೇ ಕ್ಲಾಸು, ಹಾಗೇ ಒಂದು ಚಾವಿ ಹಾಕಿ ತಿರುಗಿಸಲು ನೋಡಿದಳು. ತಿರುಗಲಿಲ್ಲ. ಕಿಂಡಿಗೆ ಕಣ್ಣು ಹತ್ತಿರ ತಂದು ಬಹಳ ಹೊತ್ತು ನೋಡಿದಳು. "ಅಂಕಲ್, ಮೂರನೇದು ಮೇಲೆ ಬಂದಿಲ್ಲ" ಎಂದಳು. ಆಗ ಇನ್ನೊಂದು ಚಾವಿ ಕೊಟ್ಟೆ.